ಗುಂಡಿಲ್ಲದ ಬಂದೂಕು

ನನಗೆ ಶಾಲು ಹೊದಿಸುತ್ತೇವೆ ಎಂದು ಕನ್ನಡ ಸಂಘದ ಕಾರ್ಯದರ್ಶಿ ವಾಸುದೇವ ಫೋನು ಮಾಡಿದ್ದು ಒಂದು ಗುರುವಾರ ಮಧ್ಯಾಹ್ನ. ಆಗ ನಾನು ಕ್ರೈಸ್ಟ್‌ಚರ್ಚ್‌ನಿಂದ ಒಂದು ಗಂಟೆ ದೂರದ ಕುರಿ ಫಾರ್ಮಿನಲ್ಲಿ, ಮೊಲ ಕೊಲ್ಲಲು ವಿಷ ಸವರಿದ ಗಜ್ಜರಿ ಚೂರುಗಳನ್ನು ಬಕೆಟ್ಟಿನಿಂದ ಹಾಕುತ್ತಾ ನಡೆಯುತ್ತಿದ್ದೆ.

"ಲಿಂಗರಾಜ, ಬಸವ ಜಯಂತಿಗೆ ಹಾಲ್ ಬುಕ್ ಆಗೇದ. ನಿನಗೊಂದು ಶಾಲು, ಒಂದು ಫಲಕ. ನಂದೀಶನ ಅವ್ವ, ನೀಲಗಂಗಾ ಆಂಟಿ ಕೈಲೇ ಹೊದಿಸಸ್ತೀವಿ. ಅವರೂ ಹೂಂ ಅಂದಾರ" ಎಂದ ವಾಸುದೇವ.

"ಯಾಕ?" ಎಂದೆ.

"ಯಾಕಂದ್ರ ಏನೋ ಮಾರಾಯಾ. ನೂರು ಮಂದಿ ಎದುರು ಒಬ್ಬಾಂವನೇ ಬಂದೂಕು ಹಿಡದು ನಿಂತಿಯಲ್ಲ. ನಂದೀಶನ ಜೀವ ಉಳೀಲಿಲ್ಲ, ಅದು ಅವನ ಹಣೇಬರ. ನೀ ಮಾತ್ರ ಹಿಂದ ಸರೀಲಿಲ್ಲ."

ಫೋನು ಇಟ್ಟವನೇ ಬಕೆಟ್ಟಿಗೆ ಒದ್ದೆ. ಗಜ್ಜರಿಯೆಲ್ಲ ಚೆಲ್ಲಾಪಿಲ್ಲಿಯಾಯಿತು. ವಿಷವನ್ನು ಹಾಗೆ ಗುಡ್ಡೆಯಾಗಿ ಬಿಟ್ಟು ಹೋಗುವಂತಿಲ್ಲ, ಕೈಗವಸು ಹಾಕಿಕೊಂಡು ಒಂದೊಂದೇ ಚೂರು ಆರಿಸಿದೆ. ನನ್ನ ಸಿಟ್ಟಿನ ಹಣೆಬರಹವೇ ಇಷ್ಟು. ಒದೆಯುವುದು ಒಂದು ಕ್ಷಣ, ಆರಿಸುವುದು ಅರ್ಧ ದಿನ.

ನಾನು ಗದಗಿನ ಕಡೆಯವನು. ಇಲ್ಲಿಗೆ ಕೃಷಿ ಓದಲು ಬಂದೆ, ಕೆಲಸ ಸಿಕ್ಕಿದ್ದು ಮೊಲ ಹೊಡೆಯುವುದಕ್ಕೆ. ನಗಬೇಡಿ, ಈ ದೇಶದಲ್ಲಿ ಮೊಲವೆಂದರೆ ಮುದ್ದಲ್ಲ, ಪೀಡೆ. ಗುಡ್ಡಗಳನ್ನೇ ಬೋಳು ಮಾಡಿಬಿಡುತ್ತವೆ. ಆ ಕೆಲಸಕ್ಕೆ ರೈಫಲ್ ಬೇಕಾಗಿತ್ತು, ರೈಫಲ್ಲಿಗೆ ಲೈಸೆನ್ಸ್ ಬೇಕಾಗಿತ್ತು. ನಂದೀಶ ಆಗ ನನ್ನ ಫ್ಲ್ಯಾಟ್‌ಮೇಟ್. ಬಾಗಲಕೋಟೆಯವನು, ರಸ್ತೆ ಕಟ್ಟುವ ಎಂಜಿನಿಯರು. ನನ್ನ ಅರ್ಜಿಗೆ ಜಾಮೀನಿನ ಮಾತು ಹೇಳಿದವನು ಅವನೇ. ಅಧಿಕಾರಿ ಮನೆಗೆ ಬಂದು ಅವನನ್ನು ಬೇರೆ ಕೂರಿಸಿ ಕೇಳಿದನಂತೆ, ಇವನು ಮುಂಗೋಪಿಯೇ, ಮನುಷ್ಯರ ಮೇಲೆ ಬಂದೂಕು ಎತ್ತುವವನೇ ಎಂದು.

"ಏನಂದಿ?" ಎಂದು ಆಮೇಲೆ ಕೇಳಿದ್ದೆ.

"ಸಿಟ್ಟು ಮೂಗಿನ ಮ್ಯಾಲೇ ಐತಿ ಸಾಹೇಬ್ರ, ಆದ್ರ ಅದೆಲ್ಲಾ ಪಾತ್ರೆ ಪಗಡದ ಮ್ಯಾಲ. ಜಿರಳೆ ಕಂಡ್ರ ನನ್ನ ಕರೀತಾನ ಅಂದೆ" ಎಂದು ನಕ್ಕಿದ್ದ. ಅವನ ಮಾತಿನ ಮೇಲೆ ನನಗೆ ಬಂದೂಕು ಸಿಕ್ಕಿತು.

ಇಲ್ಲಿ ನನ್ನ ರಕ್ಷಣೆಗೆ ಬಂದೂಕು ಬೇಕು ಎಂದರೆ ಲೈಸೆನ್ಸ್ ಕೊಡುವುದಿಲ್ಲ. ಸುರಕ್ಷತೆಯ ತರಗತಿಯಲ್ಲಿ ಯಾರೋ ಒಬ್ಬ ಕೇಳಿಯೇ ಬಿಟ್ಟ, ಗಾಡಿಯಲ್ಲಿ ಬಂದೂಕು ಇದೆ, ಎದುರಿಗೆ ಗುಂಪು ಸೇರಿ ಒಬ್ಬನನ್ನು ಬಡಿಯುತ್ತಿದೆ, ಆಗ ಏನು ಮಾಡಲಿ ಎಂದು. ಹೇಳಿಕೊಡುತ್ತಿದ್ದ ಮುದುಕ ತಲೆ ಎತ್ತದೆ ಉತ್ತರಿಸಿದ. ಇನ್ನೊಬ್ಬನ ಜೀವ ಉಳಿಸಲು ತಕ್ಕಷ್ಟು ಬಲ ಬಳಸಲು ಕಾನೂನು ಬಿಡುತ್ತದೆ. ಆದರೆ ನನ್ನ ಮಾತು ಕೇಳುವುದಾದರೆ ಬಂದೂಕು ಇದ್ದಲ್ಲೇ ಇರಲಿ. ಪೊಲೀಸರಿಗೆ ಫೋನು ಮಾಡು, ಹಾರ್ನ್ ಹೊಡಿ, ಕಂಡದ್ದನ್ನು ನೆನಪಿಡು. ಬಂದೂಕು ಹೊರಗೆ ಬಂತೆಂದರೆ ಮುಂದಿನದು ನಿನ್ನ ಕೈಯಲ್ಲಿರುವುದಿಲ್ಲ. ನಾನು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಬರೆದುಕೊಳ್ಳುವುದರಲ್ಲಿ ನಾನು ಯಾವಾಗಲೂ ಮುಂದು.

ನಂದೀಶನಿಗೆ ಪ್ರಾಚಿಯ ಜೊತೆ ಮದುವೆಯಾಯಿತು. ಅವಳು ಇಲ್ಲಿ ನರ್ಸು. ಅಪ್ಪ ತೀರಿಕೊಂಡ ಮೇಲೆ ನಂದೀಶ ತನ್ನ ಅವ್ವನನ್ನು ಕರೆಸಿಕೊಂಡ. ಆಕೆ ನೀಲಗಂಗವ್ವ. ಬಂದ ಮೊದಲ ವಾರವೇ ನನ್ನ ಹೆಸರನ್ನು ಲಿಂಗಪ್ಪ ಮಾಡಿದಳು, ನಾನೂ ಆಕೆಯನ್ನು ಅವ್ವ ಎಂದೆ. ಭಾನುವಾರದ ಊಟ ಆ ಮನೆಯಲ್ಲೇ ಎಂದು ತೀರ್ಮಾನವಾಯಿತು.

ಮಹಾನವಮಿಯ ಖಂಡೇಪೂಜೆಗೆ ಎಲ್ಲರ ಆಯುಧವೂ ಒಂದೇ ಕಡೆ ಕೂಡಬೇಕು ಎನ್ನುವುದು ಅವ್ವನ ಹಟ. ಕಳೆದ ವರ್ಷ ನವಮಿ ಕೆಲಸದ ದಿನ ಬಂತು, ಯಾರಿಗೂ ರಜೆಯಿಲ್ಲ. ಹಾಗಾಗಿ ಪೂಜೆಯನ್ನೂ ದಶಮಿಯನ್ನೂ ಸೇರಿಸಿ ಶನಿವಾರವೇ ಮಾಡುವುದೆಂದಾಯಿತು. ನಂದೀಶನ ಲ್ಯಾಪ್‌ಟಾಪು, ಪ್ರಾಚಿಯ ಸ್ಟೆಥೊಸ್ಕೋಪು, ಅಡುಗೆಮನೆಯ ಈಳಿಗೆ, ಎಲ್ಲ ಮಣೆಯ ಮೇಲೆ ಬಂದವು.

"ನಿನ್ನ ಹೊಟ್ಟಿಗೆ ಅನ್ನ ಹಾಕೋದು ಯಾವುದು? ಅದನ್ನ ತಗೊಂಡು ಬಾ. ಖಂಡೇಪೂಜೀಗೆ ಖಂಡೇನ ಇಲ್ಲಂದ್ರ ಹೆಂಗ?" ಎಂದಳು ಅವ್ವ.

ಬಂದೂಕನ್ನು ಹಾಗೆಲ್ಲ ಪೂಜೆಗೆ ಒಯ್ಯುವಂತಿಲ್ಲ ಅವ್ವಾ ಎಂದು ಹೇಳಬೇಕಿತ್ತು. ಹೇಳಲಿಲ್ಲ. ನಿಯಮದಂತೆ ರೈಫಲ್ಲಿನ ಬೋಲ್ಟ್, ಅಂದರೆ ಗುಂಡು ಸಿಡಿಸುವ ಭಾಗವನ್ನು, ಕಳಚಿ ನನ್ನ ಗಾಡಿಯ ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಬೀಗ ಹಾಕಿದೆ. ಗುಂಡುಗಳನ್ನು ಮನೆಯ ತಿಜೋರಿಯಲ್ಲೇ ಬಿಟ್ಟೆ. ಬೋಲ್ಟ್ ಇಲ್ಲದ ರೈಫಲ್ ಎಂದರೆ ಬರೀ ಕಬ್ಬಿಣದ ಕೋಲು, ಒನಕೆಗಿಂತ ಹಗುರ. ಕಣ್ಣೆದುರೇ ಇರಲಿ ಎಂದು ದಿನವಿಡೀ ಅದರ ಪಕ್ಕದಲ್ಲೇ ಕುಳಿತೆ. ಅವ್ವ ಅದಕ್ಕೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಸುತ್ತಿದಳು. ಬಂದೂಕಿಗೆ ಕಾವಲು ಕೂತ ನನ್ನನ್ನು ನಂದೀಶ ದಿನವಿಡೀ ದ್ವಾರಪಾಲಕ ಎಂದು ಕರೆದ.

ಸಂಜೆ ಆರಕ್ಕೆ ಆಯುಧ ಎತ್ತಿದೆವು. ಇನ್ನು ಬನ್ನಿ ಆಗಬೇಕು. ಇಲ್ಲಿ ಬನ್ನಿಮರ ಎಲ್ಲಿಂದ ಬರಬೇಕು? ಕೋವೈ ಎಂಬ ಇಲ್ಲಿನ ಮರದ ಎಲೆ ಹಾಗೇ ಸಣ್ಣಸಣ್ಣಗೆ ಸಾಲಾಗಿರುತ್ತದೆ, ಅದನ್ನೇ ಕೊಟ್ಟು ಬಂಗಾರದಂತೆ ಇರೋಣ ಎನ್ನುವುದು ನಮ್ಮ ರೂಢಿ. ನನ್ನ ಮನೆಯ ದಾರಿಯಲ್ಲಿ, ಕಡಲತೀರದ ಪಾರ್ಕಿಂಗ್ ಜಾಗದ ಅಂಚಿಗೆ ಅಂಥ ಒಂದು ಮರವಿತ್ತು. ನಂದೀಶ ತನ್ನ ಕಾರಿನಲ್ಲಿ ಮುಂದೆ ಹೋದ. ನಾನು ಬಂದೂಕಿಗೆ ಬಟ್ಟೆ ಸುತ್ತಿ, ಇಲ್ಲಿ ಯೂಟು ಎನ್ನುವ ನನ್ನ ಪಿಕಪ್ ಗಾಡಿಯ ಹಿಂದಿನ ಸೀಟಿನಲ್ಲಿಟ್ಟು, ದಾರಿಯ ಡೈರಿಯಲ್ಲಿ ಹಾಲು ತೆಗೆದುಕೊಂಡು ಹೊರಟೆ. ಪ್ರಾಚಿ ಆಗಲೇ ಸಂಜೆಯ ಪಾಳಿಗೆ ಆಸ್ಪತ್ರೆಗೆ ಹೋಗಿದ್ದಳು.

ಆ ಪಾರ್ಕಿಂಗಿನಲ್ಲಿ ಆ ಸಂಜೆ ಕಾರು ಹುಚ್ಚಿನ ಹುಡುಗರು ಸೇರಿದ್ದರು. ನೂರು ಜನರಿರಬಹುದು. ಮಧ್ಯದಲ್ಲಿ ಒಂದೊಂದೇ ಕಾರು ಗಿರಗಿರ ತಿರುಗಿ ಟೈರು ಸುಡುತ್ತದೆ, ಸುತ್ತ ನಿಂತವರು ಕೂಗುತ್ತಾರೆ. ಅವರಿಗೆ ಯಾರ ಮೇಲೂ ಹಗೆಯಿಲ್ಲ, ತಮ್ಮ ಕಾರಿನ ನಂಬರ್ ಯಾರಾದರೂ ವಿಡಿಯೊ ಮಾಡಿ ಪೊಲೀಸರಿಗೆ ಕೊಟ್ಟಾರು ಎಂಬ ಒಂದೇ ಭಯ. ನಂದೀಶ ಅಲ್ಲಿ ಇಳಿದು ಮಾಡಿದ ಕೆಲಸವೇನು? ಅವ್ವನಿಗೆ ವಿಡಿಯೊ ಕಾಲ್ ಮಾಡಿ, ಫೋನು ಎತ್ತಿ ಹಿಡಿದು, ಯಾವ ಕೊಂಬೆ ಅವ್ವಾ, ಇದೋ ಅದೋ ಎಂದು ತೋರಿಸಿದ್ದು. ಮರದ ಕೆಳಗೆ ಅವರ ಕಾರುಗಳು ನಿಂತಿದ್ದವು.

ನಾನು ತಲುಪಿದಾಗ ಕಾಣಿಸಿದ್ದು ಬೆನ್ನುಗಳು ಮಾತ್ರ. ಕಾರುಗಳು ಅಡ್ಡವಿದ್ದವು, ನನ್ನ ಯೂಟು ಒಳಗೆ ಹೋಗುವಂತಿರಲಿಲ್ಲ. ಬೆನ್ನುಗಳ ಸಂದಿಯಲ್ಲಿ ನೆಲದ ಮೇಲೆ ಒಂದು ಬಿಳಿ ಜುಬ್ಬ ಕಂಡಿತು. ಹಬ್ಬಕ್ಕೆಂದು ಬೆಳಿಗ್ಗೆ ಅವ್ವ ತೆಗೆದುಕೊಟ್ಟ ಜುಬ್ಬ. ಅದರ ಮೇಲೆ ಒಂದು ಕಾಲು ಬಿತ್ತು, ಇನ್ನೊಂದು ಬಿತ್ತು.

ಪೊಲೀಸರಿಗೆ ಫೋನು ಮಾಡಿದೆ. ಆ ಕಡೆಯ ಹೆಂಗಸು ನಿಧಾನವಾಗಿ ಹೇಳಿದಳು, ಗಾಡಿಯಲ್ಲೇ ಇರಿ, ಬಾಗಿಲು ಹಾಕಿಕೊಳ್ಳಿ, ಕಾರು ಹೊರಟಿದೆ, ಆರು ನಿಮಿಷ. ಹಾರ್ನ್ ಹೊಡೆದೆ, ಆ ಎಂಜಿನ್ನುಗಳ ಗದ್ದಲದಲ್ಲಿ ಯಾರೂ ತಿರುಗಲಿಲ್ಲ. ಆರು ನಿಮಿಷ. ನನಗೆ ಮುದುಕನ ಮಾತು ನೆನಪಾಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ನೆನಪಾಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತು ಬಂತು. ಬೋಲ್ಟ್ ಇಲ್ಲ, ಗುಂಡಿಲ್ಲ. ಗುಂಡಿಲ್ಲದ ಬಂದೂಕಿನಿಂದ ಯಾರು ಸಾಯುತ್ತಾರೆ? ಬರೀ ತೋರಿಸುತ್ತೇನೆ, ಹೆದರಿ ಚದುರುತ್ತಾರೆ, ನಂದೀಶನನ್ನು ಎತ್ತಿಕೊಂಡು ಬರುತ್ತೇನೆ. ಇಷ್ಟೇ ನನ್ನ ಲೆಕ್ಕ.

ಹಿಂದಿನ ಬಾಗಿಲು ತೆಗೆದು, ಬಟ್ಟೆ ಕಿತ್ತು, ರೈಫಲ್ಲನ್ನು ಎರಡೂ ಕೈಯಲ್ಲಿ ಮೇಲೆತ್ತಿ ಓಡಿದೆ. ಬಿಡ್ರೋ ಅವನ್ನ, ಬಿಡ್ರೋ ಎಂದು ಕೂಗಿದೆ. ಕನ್ನಡದಲ್ಲಿ ಕೂಗಿದೆ ಎಂಬುದು ನನಗೆ ಗೊತ್ತಾದದ್ದು ಆಮೇಲೆ, ಪೊಲೀಸರು ತೋರಿಸಿದ ವಿಡಿಯೊದಲ್ಲಿ.

ಕ್ರೈಸ್ಟ್‌ಚರ್ಚ್ ಎಂಥ ಊರು ಎಂದು ನಾನು ಮರೆತಿದ್ದೆ. ಇದು ಮಾರ್ಚ್ ಹದಿನೈದನ್ನು ಕಂಡ ಊರು. ಆ ಶುಕ್ರವಾರ ಮಸೀದಿಗಳಲ್ಲಿ ಒಬ್ಬ ಗುಂಡು ಹಾರಿಸಿ ಐವತ್ತೊಂದು ಜನರ ಜೀವ ತೆಗೆದಾಗ, ಈ ಹುಡುಗ ಹುಡುಗಿಯರು ಶಾಲೆಯಲ್ಲಿ ಬಾಗಿಲು ಹಾಕಿಕೊಂಡು ಸಂಜೆಯವರೆಗೆ ಬೆಂಚಿನ ಕೆಳಗೆ ಕೂತಿದ್ದ ಮಕ್ಕಳು. ಹಾವು ಕಡಿದವರಿಗೆ ಹಗ್ಗ ಕಂಡರೂ ಭಯ. ನಾನು ಅವರಿಗೆ ಹಗ್ಗವನ್ನಲ್ಲ, ಹಾವನ್ನೇ ತೋರಿಸಿದ್ದೆ. ಗಡ್ಡದವನೊಬ್ಬ, ಕೈಯೆಲ್ಲ ಕೆಂಪು, ತಿಳಿಯದ ಭಾಷೆಯಲ್ಲಿ ಕಿರುಚುತ್ತಾ ರೈಫಲ್ ಎತ್ತಿಕೊಂಡು ಬರುತ್ತಿದ್ದಾನೆ. ಆ ಕೆಂಪು ಕುಂಕುಮ ಎಂದು ಅವರಿಗೆ ಹೇಳುವವರು ಯಾರು?

ಗನ್ ಎಂದು ಯಾರೋ ಕೂಗಿದರು. ಒಂದೇ ಸಲ ಎಲ್ಲರೂ ಓಡಿದರು, ಎಲ್ಲ ಕಾರುಗಳೂ ಒಟ್ಟಿಗೆ ಹೊರಟವು. ಒಂದಕ್ಕೊಂದು ಗುದ್ದಿಕೊಂಡು, ಹಿಂದೆ ಮುಂದೆ ನೋಡದೆ, ಸಿಕ್ಕ ಸಂದಿಯಲ್ಲಿ ನುಗ್ಗಿದವು. ಬೂದು ಬಣ್ಣದ ಒಂದು ಕಾರು ಜೋರಾಗಿ ರಿವರ್ಸ್ ಬಂತು. ನಂದೀಶ ಅದರ ಹಿಂದಿದ್ದ.

ಅರ್ಧ ನಿಮಿಷದಲ್ಲಿ ಜಾಗ ಖಾಲಿಯಾಯಿತು. ನಾನು, ಅವನು, ಟೈರಿನ ಹೊಗೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪೊಲೀಸರು ಹೇಳಿದಂತೆ ಆರೇ ನಿಮಿಷಕ್ಕೆ ಬಂದರು. ಅಷ್ಟರಲ್ಲಿ ಅವನು ಹೋಗಿದ್ದ.

ವಿಡಿಯೊ ಒಬ್ಬ ಹುಡುಗನ ಫೋನಿನದು. ಠಾಣೆಯಲ್ಲಿ, ನನ್ನ ವಕೀಲೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದೆ. ಇಬ್ಬರು ನಂದೀಶನನ್ನು ಒದೆಯುತ್ತಾರೆ, ಒಬ್ಬ ಅವನ ಫೋನು ಕಿತ್ತು ಹುಲ್ಲಿನ ಮೇಲೆ ಎಸೆಯುತ್ತಾನೆ. ಅವತ್ತು ನಾನು ಕಣ್ಣಾರೆ ಕಂಡದ್ದು ಆ ಒದೆಗಳನ್ನು ಮಾತ್ರ. ಆಮೇಲಿನದನ್ನು ಬೆನ್ನುಗಳು ನನಗೆ ಮರೆಮಾಡಿದ್ದವು. ಕಿತ್ತಳೆ ಬಣ್ಣದ ಟೊಪ್ಪಿಯ ಒಬ್ಬಳು ಹುಡುಗಿ ಮಧ್ಯೆ ನುಗ್ಗುತ್ತಾಳೆ. ಸಾಕು, ಬಿಡಿ ಎಂದು ಆ ಇಬ್ಬರನ್ನು ತಳ್ಳುತ್ತಾಳೆ. ಅವರು ಬೈಯುತ್ತಾ ಹಿಂದೆ ಸರಿಯುತ್ತಾರೆ. ಹುಡುಗಿ ನಂದೀಶನ ತೋಳು ಹಿಡಿದು ಎಬ್ಬಿಸುತ್ತಾಳೆ. ಅವನು ಒಂದು ಮೊಣಕಾಲ ಮೇಲೆ ಏಳುತ್ತಾನೆ, ಮೂಗು ಒರೆಸಿಕೊಳ್ಳುತ್ತಾನೆ. ಆಗ ನನ್ನ ಕೂಗು ಕೇಳುತ್ತದೆ. ಹುಡುಗಿ ನನ್ನನ್ನು ನೋಡಿ ಅವನ ತೋಳು ಬಿಟ್ಟು ಓಡುತ್ತಾಳೆ. ಅವಳಿಗೆ ಏನೆಂದು ಬೈಯಲಿ? ಆ ಒದೆಗಳಿಗೆ ನಂದೀಶನ ಮೂಗಿನ ಮೂಳೆ ಮುರಿದಿತ್ತು, ಅಷ್ಟೇ. ಒಂದು ವಾರ ರಜೆ ಹಾಕಿ, ಮೂಗಿಗೆ ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಹೋಗಬೇಕಾದವನು.

ಮೂರು ತಿಂಗಳಾದ ಮೇಲೆ ಪೊಲೀಸರಿಂದ ಕಾಗದ ಬಂತು. ನನ್ನ ಮೇಲೆ ಮೊಕದ್ದಮೆ ಇಲ್ಲ, ಲೈಸೆನ್ಸ್ ಮಾತ್ರ ರದ್ದು. ವಕೀಲೆ ಬಿಡಿಸಿ ಹೇಳಿದಳು. ಇನ್ನೊಬ್ಬರನ್ನು ಕಾಪಾಡಲು ಹೊರಟವನು ಆ ಗಳಿಗೆಯಲ್ಲಿ ಏನೆಂದು ನಂಬಿದ್ದನೋ ಅದನ್ನೇ ಕಾನೂನು ನೋಡುತ್ತದೆ. ನೀವು ಅವನನ್ನು ಕೊಲ್ಲುತ್ತಿದ್ದಾರೆಂದು ನಂಬಿದಿರಿ, ಗುಂಡು ಹಾರಿಸಲಿಲ್ಲ, ತೋರಿಸಿದಿರಿ ಅಷ್ಟೇ. ಕಾನೂನಿನ ಪ್ರಕಾರ ನಿಮ್ಮ ಕೈ ಶುದ್ಧ ಎಂದಳು. ಸುಡಲಿ ಆ ಶುದ್ಧಿ. ಬೂದು ಕಾರಿನ ಹುಡುಗನಿಗೆ ಹತ್ತೊಂಬತ್ತು ವರ್ಷ, ಜೀವ ಉಳಿಸಿಕೊಳ್ಳಲು ಹಿಂದೆ ನೋಡದೆ ಗಾಡಿ ತೆಗೆದ. ಅವನಿಗೆ ಕೇಸು, ನನಗೆ ಶಾಲು.

ಪ್ರಾಚಿಯೂ ವಿಡಿಯೊ ನೋಡಿದಳು, ಹೆಂಡತಿಯೆಂದು ತೋರಿಸಲೇಬೇಕಿತ್ತು. ಹೊರಗೆ ಬಂದು ಠಾಣೆಯ ಪಾರ್ಕಿಂಗಿನಲ್ಲಿ ನಿಂತು ನನ್ನನ್ನು ಬಹಳ ಹೊತ್ತು ನೋಡಿದಳು. ಹೊಡೆದಿದ್ದರೆ ಚೆನ್ನಾಗಿತ್ತು.

"ಅವ್ವಗ ಹೇಳಬ್ಯಾಡ. ನನಗಾಗಿ ಅಷ್ಟು ಮಾಡು" ಎಂದಳು.

ವಿಚಾರಣೆ ನಡೆಯುವುದೆಲ್ಲ ಇಂಗ್ಲಿಷಿನಲ್ಲಿ, ಅವ್ವನಿಗೆ ಇಂಗ್ಲಿಷ್ ಬಾರದು. ಗುಂಪು ಮಗನನ್ನು ಕೊಂದಿತು, ಲಿಂಗಪ್ಪ ಬಿಡಿಸಲು ಹೋದ, ಒಂದು ಗಳಿಗೆ ತಡವಾಯಿತು, ಆಕೆ ತಿಳಿದದ್ದು ಇಷ್ಟು. ಇಲ್ಲಿನ ಕನ್ನಡದವರೂ ಇದನ್ನೇ ಹೇಳಿಕೊಂಡು ತಿರುಗಿದರು. ನಾನು ಪ್ರತಿ ಭಾನುವಾರ ಹೋಗುವುದನ್ನು ಬಿಡಲಿಲ್ಲ. ಬಿಟ್ಟರೆ ಯಾಕೆ ಬರಲಿಲ್ಲ ಎಂದು ಕೇಳುತ್ತಿದ್ದಳು. ಹೋದರೆ ನನ್ನ ಬಲಗೈ ಹಿಡಿದುಕೊಂಡು ಕೂರುತ್ತಿದ್ದಳು. ಈ ಕೈ ಎಂದು ಅದನ್ನು ಸವರುತ್ತಿದ್ದಳು. ಆ ಕೈಯಿಂದಲೇ ಅನ್ನ ಕಲಸಿ ಉಣ್ಣಬೇಕಿತ್ತು ನಾನು. ಆರು ತಿಂಗಳು ಹೀಗೆ ಉಂಡೆ.

ವಾಸುದೇವನ ಫೋನು ಬಂದ ಆ ವಾರ ಹೋದಾಗ ಪ್ರಾಚಿ ಕೆಲಸಕ್ಕೆ ಹೋಗಿದ್ದಳು. ಅವ್ವ ಮಂಚದ ಮೇಲೆ ಹೊಸ ಶಾಲು ಹರಡಿಕೊಂಡು ಕೂತಿದ್ದಳು. ಸಂಘದವರು ಕೊಟ್ಟು ಹೋಗಿದ್ದರಂತೆ.

"ಇಲ್ಲಿ ಬಾ, ಅಳತಿ ನೋಡೂಣು. ನಿನ್ನ ಹೆಗಲು ಅಗಲ" ಎಂದಳು.

"ನನಗ ಶಾಲು ಬ್ಯಾಡವ್ವ."

"ಯಾಕ ಬ್ಯಾಡ? ನನ್ನ ಕೈಯಿಂದ ನಿನಗ ಕೊಡಾಕ ಇನ್ನೇನ ಉಳದೈತಿ?"

ಬೇಡ ಎಂದಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಜ್ವರ ಎನ್ನಬಹುದಿತ್ತು, ಕೆಲಸ ಎನ್ನಬಹುದಿತ್ತು. ಆದರೆ ಆಕೆ ಎದ್ದು ಬಂದು ಆ ಶಾಲನ್ನು ನನ್ನ ಹೆಗಲ ಮೇಲೆ ಹಾಕಿದಳು. ಮಗನಿಗೆ ಅಂಗಿ ಸರಿಮಾಡುವ ಹಾಗೆ ಅಂಚು ಎಳೆದಳು. ನನ್ನಿಂದ ತಡೆಯಲಾಗಲಿಲ್ಲ. ಶಾಲು ತೆಗೆದು ಮಂಚದ ಮೇಲಿಟ್ಟು, ಆಕೆಯ ಕಾಲ ಬಳಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಹುಡುಗಿಯನ್ನು ಹೇಳಿದೆ, ಮೊಣಕಾಲ ಮೇಲೆ ಎದ್ದದ್ದನ್ನು ಹೇಳಿದೆ, ಬೂದು ಕಾರು ಯಾಕೆ ಹಿಂದೆ ಬಂತೆಂದು ಹೇಳಿದೆ. ನಾನು ಬಂದೂಕು ಎತ್ತದೆ ಗಾಡಿಯಲ್ಲೇ ಕೂತಿದ್ದರೆ ನಿನ್ನ ಮಗ ಈಗ ಇಲ್ಲಿ ಕೂತಿರುತ್ತಿದ್ದ ಎಂದೂ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಎದೆ ಹಗುರಾಗುತ್ತಿತ್ತು. ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಅವ್ವ ಮಂಚದ ಅಂಚಿಗೆ ಕುಳಿತಳು.

"ಆ ಹುಡುಗಿ ಅವನ್ನ ಎಬ್ಬಿಸಾಕತ್ತಿದ್ಲು?"

"ಹೂಂ."

"ಎದ್ದಿದ್ನಾ?"

"ಅರ್ಧ ಎದ್ದಿದ್ದ."

"ನೋವು ಬಾಳ ಆಗಿತ್ತಾ?"

"ಮೂಗಿನ್ಯಾಗ ರಕ್ತ ಬಂದಿತ್ತು. ಅಷ್ಟ."

ಅವ್ವ ಶಾಲನ್ನು ಮಡಿಸತೊಡಗಿದಳು. ಒಂದು ಮಡಿಕೆ ತಪ್ಪಿತು, ಬಿಚ್ಚಿ ಮತ್ತೆ ಮಡಿಸಿದಳು.

"ಫೋನು ಹುಲ್ಲಾಗ ಬಿದ್ದಿತ್ತು ಲಿಂಗಪ್ಪಾ. ಕತ್ತಲ ಕಾಣ್ತಿತ್ತು, ಬರೇ ಸದ್ದು. ನಾ ನಂದೀಶಾ ನಂದೀಶಾ ಅಂತ ಒದರೇ ಒದರಿದೆ. ಆಮ್ಯಾಲ ನಿನ್ನ ದನಿ ಕೇಳಿತು. ಬಿಡ್ರೋ ಅವನ್ನ ಅಂದಿ. ಬಂದಾ ನಮ್ಮ ಲಿಂಗಪ್ಪ, ಇನ್ನ ಚಿಂತಿಲ್ಲ ಅಂದೆ ನಾ."

ಮಡಿಸಿದ ಶಾಲನ್ನು ಪಕ್ಕಕ್ಕಿಟ್ಟಳು.

"ಅಷ್ಟು ಮಂದ್ಯಾಗ ನನ್ನ ಮಗನ ಕಡೆ ಅಂತ ಒಬ್ಬಾಂವ ಓಡಿ ಬಂದಾ, ಅವನ ಕಿವ್ಯಾಗ ಕಡೀಕ ಬಿದ್ದದ್ದು ನಮ್ಮ ಮಾತು. ಇದನ್ನ ನೆನಸ್ಕೊಂಡ ನನಗ ಒಂದ ತುತ್ತು ಇಳೀತಿತ್ತು ಇಷ್ಟು ದಿನ. ಅದನ್ನೂ ಇವತ್ತ ನೀ ಕಸಗೊಂಡಿ."

"ತಪ್ಪಾತವ್ವ" ಎಂದೆ.

"ಯಾವುದು ತಪ್ಪಾತು?" ಎಂದಳು ಅವ್ವ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದಳು. "ಅವತ್ತ ಬಂದದ್ದೋ, ಇವತ್ತ ಬಂದದ್ದೋ?"

ಉತ್ತರಕ್ಕೆ ಆಕೆ ಕಾದಳು. ಆಮೇಲೆ ಮಂಚ ಹಿಡಿದು ಎದ್ದು, ನನ್ನನ್ನು ಅಲ್ಲೇ ನೆಲದ ಮೇಲೆ ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.